ಕೆಸರಂಚಿನ ಪಂಕ್ತಿ

ತುಂಬಿದ ಕೆರೆಯನ್ನು ಕಂಡರೆ ಊರಿಗೆ ಊರೇ ಹಿಗ್ಗುತ್ತದೆ. 1933ರ ನಂತರ, 89 ವರ್ಷ ಕಳೆದು 2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಜನ ಹಿರಿಯೂರಿನ ದಾರಿ ಹಿಡಿದದ್ದು ಅದಕ್ಕೇ. ಹಕ್ಕಿ ನೋಡುವವರ ರುಚಿ ಮಾತ್ರ ಬೇರೆ. ನಮಗೆ ಬೇಕಾದದ್ದು ಸಂಕ್ರಾಂತಿ ಹೊತ್ತಿಗೆ ನೀರು ಹಿಂದೆ ಸರಿದು, ಸುತ್ತ ಅಗಲವಾಗಿ ಕೆಸರು ಬಿಟ್ಟ ಕೆರೆ.

ತುರುವನೂರು ಸೀಮೆಯ ಎರೆಹೊಲಗಳಲ್ಲಿ ಆಗ ಕಡಲೆ ಬಲಿಯುತ್ತಿರುತ್ತದೆ. ಬದು ಹಿಡಿದು ನಡೆದರೆ ಇಬ್ಬನಿಯ ಜೊತೆ ಗಿಡದ ಹುಳಿಯೂ ಕಾಲಿಗೆ ತಾಗಿ ಚುರುಗುಟ್ಟುತ್ತದೆ. ನಮ್ಮ ಬಯಲುಸೀಮೆಯ ಕೆರೆಗೆ ಏರಿಯ ಮಗ್ಗುಲಲ್ಲಷ್ಟೇ ಆಳ. ಹಿಂದಕ್ಕೆ ಹೋದಷ್ಟೂ ಅಂಗಳ ತೆಳುವಾಗಿ ಹೊಲದಲ್ಲಿ ಕರಗುತ್ತದೆ. ಹಳಬರು ಏರಿ ಹಾಕಿದ್ದು ನೀರಾವರಿಗೆ. ಆ ಇಳಿಜಾರೇ ಹಕ್ಕಿಗಳಿಗೆ ಪಂಕ್ತಿ ಹಾಕಿಕೊಟ್ಟಿದೆ, ಎಲೆ ಯಾರದೆಂಬುದನ್ನು ಕಾಲೂ ಕೊಕ್ಕೂ ತೀರ್ಮಾನಿಸುತ್ತವೆ.

ಮೊಣಕಾಲುದ್ದ ನೀರಲ್ಲಿ ಮೆಟ್ಟುಗಾಲು ಹಕ್ಕಿ. ಕಡುಗುಲಾಬಿ ಕಾಲು ಎಷ್ಟು ಉದ್ದವೆಂದರೆ, ಮೈಯಳತೆಗೆ ಹೋಲಿಸಿದಾಗ ರಾಜಹಂಸವೊಂದೇ ಅದನ್ನು ಮೀರಿಸೀತು. ಪ್ರತಿ ಹೆಜ್ಜೆಯನ್ನೂ ನೀರಿನಿಂದ ಪೂರ್ತಿ ಎತ್ತಿ, ಮಡಿಚಿ, ಮತ್ತೆ ಇಡುತ್ತದೆ, ಅವಸರವೆಂಬುದೇ ಇಲ್ಲ. ಅದರಾಚೆ ಚಲುಕದ ಬಾತು. ಸೌಟಿನಂಥ ಆ ಕೊಕ್ಕನ್ನು ಚೆಂದವೆನ್ನಲು ನನಗೆ ಮನಸ್ಸು ಬಾರದು, ಆದರೆ ಕೆಲಸ ನೋಡಬೇಕು! ಏಳೆಂಟು ಬಾತುಗಳು ಒಂದರ ಬಾಲಕ್ಕೊಂದು ಮುಖವಿಟ್ಟು ಗಾಣದಂತೆ ಸುತ್ತುತ್ತವೆ. ಮುಂದಿನದರ ಕಾಲು ಕದಡಿದ ನೀರು ಹಿಂದಿನದರ ಬಾಯಿಗೆ; ಕೊಕ್ಕಿನಂಚಿನ ಸಣ್ಣ ಹಲ್ಲುಗಳ ಸಾಲು ಅದನ್ನು ಸೋಸುತ್ತದೆ. ಕೆಸರಿನಲ್ಲೇ ಗದ್ದೆಗೊರವ, ದೂರದ ಉತ್ತರದ ಜೌಗುಗಳಲ್ಲಿ ಮರಿ ಮಾಡಿ ಬಂದದ್ದು. ಕುತ್ತುವುದು, ಎರಡು ಹೆಜ್ಜೆ ಓಡುವುದು, ನಿಂತು ಬಾಲ ಕುಣಿಸುವುದು.

ಮಾಗಡಿ ಕೆರೆ, ಅಂಕಸಮುದ್ರ ಎರಡೂ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದವು. ಸಂತೋಷವೇ. ಅವೂ ಜನ ಕಟ್ಟಿಕೊಂಡ ಕೆರೆಗಳೇ. ಮಾಗಡಿಯ ಹೆಬ್ಬಾತುಗಳ ಹಿಂಡಿಗೆ ಬೆರಗಾಗದವರಿಲ್ಲ. ಹಿಮಾಲಯ ದಾಟಿ ಬಂದವು ಅವು. ಆದರೂ ಹೆಸರಿಲ್ಲದ ಕೆರೆಯಲ್ಲಿ ಒಂದೇ ಗದ್ದೆಗೊರವವನ್ನು ಅರ್ಧ ತಾಸು ನೋಡುವ ಸುಖ ನನಗೆ ಹೆಚ್ಚು.

ನಡುವೆ ಜೌಗು ಸೆಳೆವವೆಂಬ ಬೇಟೆಹಕ್ಕಿ ಜೊಂಡಿನ ಮೇಲೆ ತಗ್ಗಾಗಿ ಬಂತೋ, ಪಂಕ್ತಿ ಪೂರಾ ಚೆಲ್ಲಾಪಿಲ್ಲಿ. ಟಿಟ್ಟಿಭದ ಬಾಯಂತೂ ಮುಚ್ಚುವುದೇ ಇಲ್ಲ. ಸೆಳೆವ ಅತ್ತ ಹೋದದ್ದೇ ಎಲ್ಲ ತಂತಮ್ಮ ಎಲೆಗೆ ಹಾಜರು.

ಬಿಸಿಲೇರಿದಂತೆ ಎಮ್ಮೆಗಳು ಇಳಿಯುತ್ತವೆ. ಆಗ ದುರ್ಬೀನು ಕೆಳಗಿಡಬಹುದು. ಗೊರಸಿಗೆ ಎದ್ದ ಹುಳುಗಳ ಹಿಂದೆ ಹಳದಿ ಸಿಪಿಲೆಗಳು ಎಮ್ಮೆಯ ಮೂತಿಗೆ ಗೇಣು ದೂರದಲ್ಲೇ ಓಡಾಡುತ್ತವೆ. ಎಮ್ಮೆ ಉಸಿರು ಬಿಟ್ಟರೆ ಒಂದು ಹಾರಿ, ಅದರ ಬೆನ್ನ ಮೇಲೇ ಕೂರುತ್ತದೆ.