ನಿಂತ ಮೇಲೆ ಕೇಳುವ ಸ್ವರ

ಕಂಪ್ಯೂಟರ್ ಕಲೆಯ ಮಾತು ಬಂದಾಗಲೆಲ್ಲ ಅದಕ್ಕೆ ಮೈಯಿಲ್ಲ, ಅದು ಬರೀ ಲೆಕ್ಕದ ಆಟ ಎನ್ನುವವರಿದ್ದಾರೆ. ಜಪಾನಿನ ರ್‍ಯೋಜಿ ಇಕೆಡಾ ಅವರ ಕೃತಿಗಳ ಮುಂದೆ ಈ ಮಾತು ನಿಲ್ಲಲಾರದು ಎಂದು ನಮಗನಿಸುತ್ತದೆ. ಅವರ 1996ರ 'ಪ್ಲಸ್ ಮೈನಸ್' ಸಿ.ಡಿ.ಯ ಕೊನೆಗೆ ಒಂದು ತೀರಾ ಸಪೂರ ಸ್ವರವಿದೆ. ಅದು ಇತ್ತೆಂದು ಕಿವಿಗೆ ತಿಳಿಯುವುದೇ ಅದು ನಿಂತಾಗ! 2005ರ 'ಡೇಟಾಪ್ಲೆಕ್ಸ್' ಇನ್ನೂ ತುಂಟ. ಅದರ ಕಡೆಯ ತುಣುಕನ್ನು ನುಡಿಸುವಾಗ ಕೆಲವು ಸಿ.ಡಿ. ಪ್ಲೇಯರ್‌ಗಳು ತಡವರಿಸುತ್ತವೆ, ಹಾಗಾದೀತೆಂದು ಸಿ.ಡಿ.ಯೇ ಮುನ್ನೆಚ್ಚರಿಕೆ ಕೊಡುತ್ತದೆ. ಅಮೂರ್ತವೆಂದು ನಾವು ನಂಬಿದ್ದ ಅಂಕಿ ಅಲ್ಲಿ ತಿರುಗುವ ತಟ್ಟೆಗೆ, ಲೇಸರ್ ಕಣ್ಣಿಗೆ ಬಂದು ಎಡವುತ್ತದೆ.

2008ರಲ್ಲಿ ಶುರುವಾದ 'ಟೆಸ್ಟ್ ಪ್ಯಾಟರ್ನ್' ಹೆಚ್ಚು ಹೆಸರು ಮಾಡಿತು. ಬರಹ, ಹಾಡು, ಚಿತ್ರ, ಸಿನಿಮಾ ಏನೇ ಇರಲಿ, ಸೊನ್ನೆ ಮತ್ತು ಒಂದುಗಳಾಗಿ ಕರಗಿ ಕಪ್ಪು ಬಿಳುಪು ಪಟ್ಟಿಗಳಾಗಿ ಧಾವಿಸುತ್ತದೆ. ಅಂಗಡಿ ಸಾಮಾನಿನ ಬಾರ್‌ಕೋಡನ್ನು ನೆಲದ ತುಂಬ ಹಾಸಿದಂತೆ.

ಇಂಥ ಕಲೆಗೆ ಇಸ್ಲಾಮೀ ಕಲೆಯಲ್ಲಿ ಪೂರ್ವಜರನ್ನು ಹುಡುಕಿದವರು ಲಾರಾ ಮಾರ್ಕ್ಸ್. ಅವರ 'ಎನ್‌ಫೋಲ್ಡ್‌ಮೆಂಟ್ ಅಂಡ್ ಇನ್ಫಿನಿಟಿ' (2010) ರತ್ನಗಂಬಳಿಗೂ ಪರದೆಗೂ ನಂಟು ಕಟ್ಟುತ್ತದೆ: ಕಾಣುವ ಮೇಲ್ಮೈಯ ಹಿಂದೆ ಒಂದು ಲೆಕ್ಕ, ಆ ಲೆಕ್ಕದ ಹಿಂದೆ ಅನಂತ. ಉರ್ದು ಓದಿದವರಿಗೆ ಜಾಹಿರ್, ಬಾತಿನ್ ಎಂಬ ಜೋಡಿ ನೆನಪಾಗದೆ ಇರದು. ಚಿತ್ರ ನಿಷಿದ್ಧವಾದ್ದರಿಂದ ಮುಸ್ಲಿಮರು ಬಳ್ಳಿ ಬರೆದುಕೊಂಡರು ಎಂಬ ಹಳಸಲು ವಿವರಣೆಗಿಂತ ಇದು ಎಷ್ಟೋ ಮೇಲು. ಆ ಕುಸುರಿ ಒಂದು ಕೊರತೆಯಲ್ಲ, ಚಿಂತನೆ ಎಂದು ಅದು ಒಪ್ಪುತ್ತದೆ.

ಆದರೂ ನಮ್ಮದೊಂದು ತಕರಾರಿದೆ. ಬಿಜಾಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಕಲ್ಲನ್ನೇ ಅರಬಿ ಅಕ್ಷರಗಳಾಗಿ ಕೊರೆದಿದ್ದಾರೆ. ಬೆಳಕು ಅಕ್ಷರದ ಸಂದಿನಿಂದಲೇ ಒಳಗೆ ಬರುತ್ತದೆ. ಲಿಪಿ ಬಲ್ಲವನು ನಿಧಾನವಾಗಿಯಾದರೂ ಅದನ್ನು ಓದಬಲ್ಲ, ಬಾರದವನಿಗೆ ಅದು ಬರೀ ಸೊಗಸು. ಇಕೆಡಾರ ಪಟ್ಟಿಗಳಲ್ಲಿ ಹೀಗೆ ಹಿಂದಕ್ಕೆ ಹೋಗುವ ದಾರಿ ನೋಡುವವನಿಗಿಲ್ಲ. ಅದು ಯಾರದೋ ಹಾಡೇ, ಯಾರದೋ ಹೆಸರುಗಳ ಪಟ್ಟಿಯೇ? ಎರಡೂ ಒಂದೇ ಗೆರೆ. ಹೆಸರು ಪಟ್ಟಿಯಲ್ಲಿದೆಯೇ ಇಲ್ಲವೇ ಎಂಬುದೇ ಬದುಕಿನ ಪ್ರಶ್ನೆಯಾಗಿರುವವರಿಗೆ ಈ ಸಮಾನತೆ ಅಷ್ಟು ಹಿತವೆನಿಸದು.

2019ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಮೊದಲ ಭಾಗ ತೋರಿಸಿದ 'ಡೇಟಾ-ವರ್ಸ್'ನಲ್ಲಿ ನಾಸಾ, ಸರ್ನ್, ಮಾನವ ಜೀನೋಮ್ ಯೋಜನೆಗಳ ದತ್ತಾಂಶವಿದೆ. ಮಾಡಿಸಿದ್ದು ಒಂದು ಸ್ವಿಸ್ ಗಡಿಯಾರ ಕಂಪನಿ. ಕಣದಿಂದ ಬ್ರಹ್ಮಾಂಡದವರೆಗೆ ಎಲ್ಲವೂ ದೊಡ್ಡ ಪರದೆಯ ಮೇಲೆ ನುಣುಪಾಗಿ ಹರಿಯುತ್ತದೆ, ಎಲ್ಲಿಯೂ ಎಡವುವುದಿಲ್ಲ. ಪ್ಲೇಯರನ್ನೇ ತಡವರಿಸುವಂತೆ ಮಾಡಿದ ಆ ಪುಟ್ಟ ಸಿ.ಡಿ.ಯನ್ನೇ ನಾವು ಮೇಲೆಂದು ಎಣಿಸುತ್ತೇವೆ.