ಕನ್ನಡಕ ಸಿಕ್ಕಿತು, ಕನ್ನಡ ಸಿಗಲಿಲ್ಲ

‘ಅವತಾರ’ ಎಂಬ ಪದವನ್ನು ನಾವು ಕನ್ನಡದಲ್ಲಿ ಎರಡು ಬಗೆಯಾಗಿ ಬಳಸುತ್ತೇವೆ. ಒಂದು ಪುರಾಣದ್ದು. ಇನ್ನೊಂದು ಮನೆಯೊಳಗಿನದು: ಕೆಸರಲ್ಲಿ ಹೊರಳಾಡಿ ಬಂದ ಮಗನನ್ನು ಕಂಡು ತಾಯಿ ‘ಇದೇನೋ ನಿನ್ನ ಅವತಾರ’ ಎನ್ನುತ್ತಾಳೆ. ಜೇಮ್ಸ್ ಕ್ಯಾಮರೂನ್ 2009ರಲ್ಲಿ ತನ್ನ ಚಿತ್ರಕ್ಕೆ ಈ ಪದವನ್ನೇ ಹೆಸರಾಗಿಟ್ಟಾಗ, ಜಗತ್ತಿನ ಬಹುಪಾಲು ಪ್ರೇಕ್ಷಕರು ಅದರ ಅರ್ಥವನ್ನು ಕೇಳಿ ತಿಳಿಯಬೇಕಾಯಿತು. ನಮಗೆ ಆ ಕಷ್ಟವಿರಲಿಲ್ಲ. ಆದರೆ ಹೆಸರೊಂದನ್ನು ಬಿಟ್ಟರೆ ನಮ್ಮ ಮಾತು ಎನ್ನುವಂಥದ್ದು ಆ ಚಿತ್ರದಲ್ಲಿ ನಮಗೆ ಬೇರೇನೂ ಸಿಗಲಿಲ್ಲ. ಭಾರತದಲ್ಲಿ ಅದು ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ.

ಈಗ ಆ ಸರಣಿಯ ಮೂರನೆಯ ಭಾಗವೂ, 2025ರ ಡಿಸೆಂಬರ್ 19ರಂದು, ತೆರೆಕಂಡಿದೆ. ಒಂದು ಚಿತ್ರಕ್ಕಾಗಿ ಊರಿಗೆ ಊರೇ ಕಾಯುವುದೆಂದರೆ ಏನು? ಕಾದವರಿಗೆಲ್ಲ ಅದು ಸಿಕ್ಕಿತೆ? ಹೊಸ ಭಾಗದ ನೆಪದಲ್ಲಿ ಹಳೆಯ ಕಾಯುವಿಕೆಯ ಲೆಕ್ಕವನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು.

ಕಾಯುವಂಥದ್ದು ಏನಿತ್ತು?

ಮೊದಲು ಚಿತ್ರಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಕ್ಯಾಮರೂನ್ ಈ ಕತೆಯ ಕರಡನ್ನು ಬರೆದದ್ದು 1994ರಲ್ಲಿ. ಬರೆದದ್ದನ್ನು ತೆರೆಯ ಮೇಲೆ ತೋರಿಸುವ ಸಾಧನ ಆಗ ಇರಲಿಲ್ಲ. ನಡುವೆ ‘ಟೈಟಾನಿಕ್’ ಮಾಡಿ, ಮತ್ತೆ ವರ್ಷಗಟ್ಟಲೆ ಕಾದು, ಬೇಕಾದ ಸಾಧನಗಳನ್ನು ಆತ ತಯಾರು ಮಾಡಿಸಿಕೊಂಡ. ನಟರ ತಲೆಗೆ ಕಟ್ಟಿದ ಪಟ್ಟಿಯಿಂದ ಚಾಚಿದ ಪುಟ್ಟ ಕ್ಯಾಮೆರಾ ಅವರ ಮುಖದ ಪ್ರತಿಯೊಂದು ಚಲನೆಯನ್ನೂ ಹಿಡಿಯುತ್ತಿತ್ತು. ಖಾಲಿ ಕೋಣೆಯಲ್ಲಿ ನಟರು ಅಭಿನಯಿಸುತ್ತಿದ್ದರೆ, ನಿರ್ದೇಶಕನ ಕೈಯಲ್ಲಿದ್ದ ಪರದೆಯಲ್ಲಿ ಅವರು ಆಗಲೇ ಕಾಡಿನ ನಡುವೆ ನಿಂತ ನೀಲಿ ಜೀವಿಗಳಾಗಿ ಕಾಣುತ್ತಿದ್ದರು. ನ್ಯೂಜಿಲೆಂಡಿನ ವೆಟಾ ಡಿಜಿಟಲ್ ಸಂಸ್ಥೆಯ ಕಲಾವಿದರು ಆ ಕಾಡಿನ ಎಲೆ ಎಲೆಯನ್ನೂ ಕಂಪ್ಯೂಟರಿನಲ್ಲಿ ಬೆಳೆಸಿದರು.

ಮೂರು ಆಯಾಮದ ಚಿತ್ರ ನಮಗೆ ಹೊಸದೇನೂ ಆಗಿರಲಿಲ್ಲ. ‘ಮೈ ಡಿಯರ್ ಕುಟ್ಟಿಚ್ಚಾತನ್’ 1984ರಲ್ಲೇ ಪಕ್ಕದ ಕೇರಳದಲ್ಲಿ ತಯಾರಾಗಿತ್ತು. ಆ ಕಾಲದ ಮೂರು ಆಯಾಮವೆಂದರೆ ಪರದೆಯಿಂದ ವಸ್ತುಗಳು ನಮ್ಮ ಮೂಗಿನ ತನಕ ನುಗ್ಗಿ ಬರುವ ಆಟ. ‘ಅವತಾರ್’ ಈ ಆಟವನ್ನು ತಿರುಗಿಸಿತು. ಅದು ನಮ್ಮತ್ತ ಏನನ್ನೂ ಎಸೆಯಲಿಲ್ಲ, ನಮ್ಮನ್ನೇ ಒಳಗೆ ಕರೆಯಿತು. ಪರದೆ ಗೋಡೆಯ ಬದಲು ಕಿಟಕಿಯಾಯಿತು. 2009ರ ಆಗಸ್ಟ್ 21ರಂದು ಹಲವು ದೇಶಗಳಲ್ಲಿ ಚಿತ್ರದ ಹದಿನಾರು ನಿಮಿಷಗಳಷ್ಟನ್ನು ಪುಕ್ಕಟೆಯಾಗಿ ತೋರಿಸಿ ಕುತೂಹಲ ಕೆರಳಿಸಲಾಯಿತು. ಡಿಸೆಂಬರ್ 18ರ ಬಿಡುಗಡೆಯ ಹೊತ್ತಿಗೆ ಪತ್ರಿಕೆ, ಟಿವಿಗಳಲ್ಲಿ ಅದರದೇ ಮಾತು. ಮುಂದೆ ಛಾಯಾಗ್ರಹಣ, ಕಲಾನಿರ್ದೇಶನ, ದೃಶ್ಯ ಪರಿಣಾಮ ಈ ಮೂರಕ್ಕೂ ಆಸ್ಕರ್ ಬಂತು. ಕಣ್ಣಿಗೆ ಸಂಬಂಧಿಸಿದ ಮಟ್ಟಿಗೆ, ಕಾದದ್ದು ವ್ಯರ್ಥವಾಗಲಿಲ್ಲ.

ಹಳೆಯ ಬಡಾವಣೆಗಳ ದೂರ

ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಇಂಥ ಬೆರಗು ಅಪರಿಚಿತವಲ್ಲ. ಗಾಂಧಿನಗರದ ಕಪಾಲಿ ಚಿತ್ರಮಂದಿರ 1968ರಲ್ಲಿ ಬಾಗಿಲು ತೆರೆದಾಗ, ಅದರ ಬಾಗಿದ ಸಿನೆರಾಮಾ ಪರದೆಯೇ ಒಂದು ನೋಟವಾಗಿತ್ತು. ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೂತು ಒಂದೇ ಕಡೆ ನೋಡುವ ಜಾಗ ಅದು. ಚಾಮರಾಜಪೇಟೆಗೆ ಉಮಾ, ಮಲ್ಲೇಶ್ವರಕ್ಕೆ ಸಂಪಿಗೆ, ಲಾಲ್‌ಬಾಗಿನ ಕಡೆಯವರಿಗೆ ಊರ್ವಶಿ. ಸಿನಿಮಾ ಎಂದರೆ ಮನೆಯಿಂದ ನಡೆದು ಹೋಗಬಹುದಾದ ದೂರ ಅಥವಾ ಒಂದು ಬಸ್ಸಿನ ದೂರ. ಗಾಂಧಿಬಜಾರಿನಲ್ಲಿ ಹೂವು ಕಟ್ಟುವವರೂ, ಚಾಮರಾಜಪೇಟೆಯ ಗ್ಯಾರೇಜಿನ ಹುಡುಗರೂ, ಮಲ್ಲೇಶ್ವರದ ಮೇಷ್ಟ್ರೂ ಒಂದೇ ಸೂರಿನಡಿ ಕೂರುತ್ತಿದ್ದರು. ಗಾಂಧಿ ಕ್ಲಾಸಿಗೂ ಬಾಲ್ಕನಿಗೂ ಟಿಕೇಟಿನ ದರದಲ್ಲಿ ವ್ಯತ್ಯಾಸವಿತ್ತು, ನಿಜ. ನೋಟದಲ್ಲಿ ಇರಲಿಲ್ಲ.

‘ಅವತಾರ್’ ಈ ಏರ್ಪಾಟನ್ನು ಕದಡಿತು. ಅದರ ಮೂರು ಆಯಾಮವನ್ನು ತೋರಿಸಲು ಡಿಜಿಟಲ್ ಪ್ರೊಜೆಕ್ಟರ್ ಬೇಕು, ಅದಕ್ಕೆ ಹೊಂದುವ ಪರದೆ ಬೇಕು, ತಲೆಗೊಂದು ಕನ್ನಡಕ ಬೇಕು. ಇಷ್ಟೆಲ್ಲಕ್ಕೆ ಬಂಡವಾಳ ಹೂಡಬಲ್ಲವರು ಮಾಲುಗಳ ಬಹುಪರದೆಯವರು. ಕೋರಮಂಗಲದ ಫೋರಂ ಮಾಲ್‌ನಲ್ಲಿ 11 ಪರದೆಗಳ ಪಿವಿಆರ್ 2004ರಲ್ಲೇ ಬಂದಿತ್ತು. ಮಲ್ಲೇಶ್ವರದ ಅಂಚಿನಲ್ಲಿ ಮಂತ್ರಿ ಸ್ಕ್ವೇರ್ ತೆರೆದದ್ದು 2010ರಲ್ಲಿ, ಅಂದರೆ ‘ಅವತಾರ್’ ಬಂದ ಮೇಲೆ. ಹಳೆಯ ಊರಿನವನು ಹೊಸ ಬೆರಗನ್ನು ನೋಡಲು ಹೊಸ ಊರಿಗೆ ಹೋಗಬೇಕಾಯಿತು. ಅಲ್ಲಿ ಹೋದರೆ ಭದ್ರತಾ ತಪಾಸಣೆ, ಎಸ್ಕಲೇಟರ್, ಇಂಗ್ಲಿಷಿನಲ್ಲಿ ವಿಚಾರಿಸುವ ಕೌಂಟರ್. ಎಲ್ಲ ದಾಟಿ ಆಸನದಲ್ಲಿ ಕೂತರೆ ಕೈಗೆ ಕನ್ನಡಕ ಕೊಟ್ಟರು. ಕನ್ನಡ ಕೊಡಲಿಲ್ಲ.

ಕತೆ ನಮ್ಮದೇ ಆಗಿತ್ತು

ಭಾಷೆ ಇಲ್ಲದಿದ್ದರೇನು, ಅದು ನೋಡುವ ಚಿತ್ರ ತಾನೆ ಎಂದು ಅನೇಕರು ಹೇಳಿದ್ದುಂಟು. ನಾವು ಇದನ್ನು ಒಪ್ಪುವುದಿಲ್ಲ. ಕತೆಯನ್ನೊಮ್ಮೆ ನೆನಪಿಸಿಕೊಳ್ಳಿ. ಕಾಲ 2154. ಪಂಡೋರಾ ಎಂಬ ದೂರದ ಉಪಗ್ರಹದ ನೆಲದಡಿ ಬೆಲೆಬಾಳುವ ಅದಿರಿದೆ. ಅದರ ಮೇಲೆ ಒಂದು ಮಹಾವೃಕ್ಷ, ಆ ವೃಕ್ಷದಲ್ಲಿ ನಾವಿ ಎಂಬ ಜನರ ಬದುಕು. ಭೂಮಿಯ ಕಂಪನಿಗೆ ಅದಿರು ಬೇಕು. ಮೊದಲು ಶಾಲೆ, ಔಷಧಿ ಎಂದು ಪುಸಲಾಯಿಸುತ್ತಾರೆ. ಒಪ್ಪದಿದ್ದಾಗ ಯಂತ್ರ, ಬಂದೂಕುಗಳೊಂದಿಗೆ ಬರುತ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡಿಗರು ಅನ್ಯಗ್ರಹಕ್ಕೆ ಹೋಗಬೇಕಿತ್ತೆ? ಚಿತ್ರ ಬಿಡುಗಡೆಯಾದ ಆ ಡಿಸೆಂಬರಿನಲ್ಲಿ ಸಂಡೂರಿನ ಬೆಟ್ಟಗಳನ್ನು ಬಗೆದು ಅದಿರು ತುಂಬಿದ ಲಾರಿಗಳು ಬಂದರುಗಳ ಕಡೆಗೆ ಸಾಲುಗಟ್ಟಿದ್ದವು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತರ ಮೊದಲ ವರದಿ ಅದಕ್ಕೆ ಒಂದು ವರ್ಷ ಮೊದಲು, 2008ರ ಡಿಸೆಂಬರಿನಲ್ಲಿ ಬಂದಿತ್ತು. ಎರಡನೆಯದು 2011ರ ಜುಲೈಯಲ್ಲಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಒಡಿಶಾದ ನಿಯಮಗಿರಿ ಬೆಟ್ಟದ ಡೊಂಗರಿಯಾ ಕೊಂಧರ ಪರವಾಗಿ ಹೋರಾಡುವವರು, ಈ ಜನರ ಕತೆಯೂ ನಿಮ್ಮ ಚಿತ್ರದ ಕತೆಯೇ ಎಂದು 2010ರಲ್ಲಿ ಕ್ಯಾಮರೂನ್‌ಗೆ ಬಹಿರಂಗವಾಗಿ ಮನವಿ ಮಾಡಿಕೊಂಡರು. ಬಳ್ಳಾರಿಯ ಪರವಾಗಿ ಯಾರೂ ಹಾಗೆ ಬರೆಯದಿದ್ದರೂ, ಬಳ್ಳಾರಿಯ ಹುಡುಗನೊಬ್ಬ ಆ ಚಿತ್ರವನ್ನು ಕನ್ನಡದಲ್ಲಿ ಕೇಳಿದ್ದರೆ ಕೆಂಪು ಧೂಳು ಮೆತ್ತಿದ ತನ್ನ ಊರನ್ನು ಅಲ್ಲಿ ಗುರುತಿಸುತ್ತಿದ್ದ. ಕೇಳದೇ ಹೋದುದರಿಂದ ಅದು ‘ಗ್ರಾಫಿಕ್ಸ್ ಸಕತ್ತಾಗಿದೆ’ ಎಂಬಲ್ಲಿಗೆ ನಿಂತಿತು.

ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ಕಾಡಿನವರನ್ನು ಕಾಪಾಡಲು ಕಂಪನಿಯ ಕಡೆಯಿಂದಲೇ ಬಂದ ಸೈನಿಕನೊಬ್ಬ ಬೇಕಾಗುತ್ತಾನೆ. ಮೂರು ತಿಂಗಳಲ್ಲಿ ಅವನು ಅವರೆಲ್ಲರನ್ನೂ ಮೀರಿಸಿ ನಾಯಕನಾಗುತ್ತಾನೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಅರಣ್ಯದ ಮೇಲಿನ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿದಾಗ ಯಾವ ವೀರನೂ ಆಕಾಶದಿಂದ ಹಕ್ಕಿ ಏರಿ ಇಳಿದಿರಲಿಲ್ಲ. ಗ್ರಾಮಸಭೆ, ಅರ್ಜಿ, ನಕ್ಷೆ, ವರ್ಷಗಳ ಅಲೆದಾಟ ಇವುಗಳಿಂದ ಅದು ಬಂತು. ನಿಯಮಗಿರಿಯಲ್ಲೂ 2013ರಲ್ಲಿ ಹನ್ನೆರಡು ಗ್ರಾಮಸಭೆಗಳು ಒಂದಾದ ಮೇಲೊಂದರಂತೆ ಗಣಿಗಾರಿಕೆ ಬೇಡವೆಂದವು. ಇಂಥ ನಿಧಾನದ ಗೆಲುವನ್ನು ತೋರಿಸುವ ತಾಳ್ಮೆ ಕ್ಯಾಮರೂನ್‌ಗೆ ಇಲ್ಲ. ಈ ಮಾತನ್ನು ಪ್ರೇಕ್ಷಕರೇ ಹೇಳಬೇಕಾದರೆ ಅವರಿಗೆ ಚಿತ್ರದ ಮಾತು ಮೊದಲು ತಿಳಿಯಬೇಕು. ಅರ್ಥವಾಗದ್ದನ್ನು ಮೆಚ್ಚಬಹುದು, ವಿಮರ್ಶಿಸಲಾಗದು.

ಇನ್ನೊಂದು ಸಂಗತಿ ನಮ್ಮನ್ನು ಬಹಳ ಕಾಡುತ್ತದೆ. ಇಲ್ಲದ ನಾವಿ ಜನರಿಗಾಗಿ ಕ್ಯಾಮರೂನ್ ಪಾಲ್ ಫ್ರಾಮರ್ ಎಂಬ ಭಾಷಾವಿಜ್ಞಾನಿಯಿಂದ ಒಂದು ಭಾಷೆಯನ್ನೇ ಕಟ್ಟಿಸಿದ. ಚಿತ್ರದ ಹೊತ್ತಿಗೆ ಅದರಲ್ಲಿ ಸುಮಾರು ಸಾವಿರ ಪದಗಳಿದ್ದವು, ವ್ಯಾಕರಣವಿತ್ತು. ಇಲ್ಲದ ಜನರ ಭಾಷೆ ಬೆಂಗಳೂರಿನ ಪರದೆಯ ಮೇಲೆ ಕೇಳಿಸಿತು. ಇರುವ ಕೋಟಿಗಟ್ಟಲೆ ಜನರ ಭಾಷೆ ಕೇಳಿಸಲಿಲ್ಲ. ನಾವಿಗಳು ಎದುರಾದಾಗ ‘ನಿನ್ನನ್ನು ನೋಡುತ್ತಿದ್ದೇನೆ’ ಎಂಬರ್ಥದ ಮಾತು ಹೇಳಿಕೊಳ್ಳುತ್ತಾರೆ. ಬರಿ ಕಣ್ಣಿನಿಂದ ನೋಡುವುದಲ್ಲ, ಒಳಗಿನದನ್ನು ಅರಿಯುವುದು ಎಂದು ಚಿತ್ರ ವಿವರಿಸಬೇಕಾಗುತ್ತದೆ. ಕನ್ನಡಕ್ಕೆ ಈ ವಿವರಣೆಯ ಅಗತ್ಯವೇ ಇಲ್ಲ. ನಮ್ಮ ‘ಕಾಣು’ ಎಂಬ ಪದದಲ್ಲಿ ಎರಡೂ ಇವೆ. ಹಿರಿಯರನ್ನು ಕಂಡು ಬರುತ್ತೇವೆ, ಒಬ್ಬರನ್ನು ಕೀಳಾಗಿ ಕಾಣಬಾರದು ಎನ್ನುತ್ತೇವೆ, ಕಷ್ಟಸುಖ ಕಂಡವರು ಎಂದು ಗೌರವಿಸುತ್ತೇವೆ. ಇಡೀ ಚಿತ್ರದ ತಿರುಳನ್ನು ಒಂದು ಪದದಲ್ಲಿ ಹಿಡಿಯಬಲ್ಲ ಭಾಷೆಯನ್ನು ಹೊರಗೆ ನಿಲ್ಲಿಸಿದ್ದೆವು.

ಹೊರಗೆ ನಿಲ್ಲಿಸಿದವರು ಯಾರು?

ಹಾಲಿವುಡ್‌ನವರಲ್ಲ, ನಾವೇ. ಕರ್ನಾಟಕದಲ್ಲಿ ಡಬ್ಬಿಂಗ್ ವಿರುದ್ಧ ಕಾನೂನೇನೂ ಇರಲಿಲ್ಲ. 1960ರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮೊದಲಾದವರು ನಡೆಸಿದ ಚಳವಳಿಯ ಫಲವಾಗಿ ಬಂದ ಕಟ್ಟುಪಾಡು ಅದು. ಅಂದಿನ ಸ್ಥಿತಿಯಲ್ಲಿ ಅದು ಸರಿಯಾಗಿಯೇ ಇತ್ತು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳನ್ನು ಆಶ್ರಯಿಸಿದ್ದ ಕಾಲ. ಡಬ್ಬಿಂಗ್ ಹರಿದುಬಂದಿದ್ದರೆ ಕನ್ನಡದ ಕಲಾವಿದರು, ತಂತ್ರಜ್ಞರು ತಲೆ ಎತ್ತುವುದೇ ಕಷ್ಟವಿತ್ತು. ಸಸಿಗೆ ಬೇಲಿ ಬೇಕೇ ಬೇಕು.

ಆದರೆ ಸಸಿ ಮರವಾದ ಮೇಲೂ ಬೇಲಿ ಉಳಿಯಿತು. ನೆರಳಿಗೆ ಬಂದವರನ್ನೇ ಅದು ತಡೆಯತೊಡಗಿತು. ‘ಸತ್ಯಮೇವ ಜಯತೆ’ಯಂಥ ಸಾಮಾಜಿಕ ಕಾರ್ಯಕ್ರಮ ಕೂಡ 2012ರಲ್ಲಿ ಕನ್ನಡ ಟಿವಿಯಲ್ಲಿ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. ಕೊನೆಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುತ್ತಿದ್ದ ಸಂಘಟನೆಗಳಿಗೆ ದಂಡ ವಿಧಿಸಿತು.

ಚಾಮರಾಜಪೇಟೆಯನ್ನೇ ನೋಡಿ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಅಲ್ಲಿ. ಸುತ್ತಲಿನ ಬೀದಿಗಳಲ್ಲಿ ಕನ್ನಡದ ಜೊತೆಗೆ ದಖನಿ ಉರ್ದು, ತಮಿಳು, ತೆಲುಗು ಆಡುವ ಮನೆಗಳಿವೆ. ಈ ಮಕ್ಕಳೆಲ್ಲ ಬೀದಿಯಲ್ಲಿ ಕ್ರಿಕೆಟ್ ಆಡುವಾಗ, ಜಗಳವಾಡುವಾಗ ಬಳಸುವ ಮಾತು ಕನ್ನಡ. ಹೊಸ ಲೋಕದ ಬೆರಗು ಬಂದಾಗ ಮಾತ್ರ ದಖನಿ ಮನೆಯ ಹುಡುಗನಿಗೆ ಹಿಂದಿ, ತಮಿಳು ಮನೆಯವನಿಗೆ ತಮಿಳು, ತೆಲುಗಿನವನಿಗೆ ತೆಲುಗು. ಬರಿ ಕನ್ನಡ ಬಲ್ಲವನಿಗೆ ಅರೆಬರೆ ಇಂಗ್ಲಿಷ್. ಎಲ್ಲರೂ ಸೇರಿ ಮಾತಾಡಿಕೊಳ್ಳಬಹುದಾಗಿದ್ದ ಒಂದು ಕತೆ ಮನೆಮನೆಗೆ ಹಂಚಿಹೋಯಿತು. ಕನ್ನಡವನ್ನು ಕಾಪಾಡುತ್ತೇವೆಂದು ಹೊರಟು, ಕನ್ನಡ ನಿಜವಾಗಿಯೂ ಬದುಕಿದ್ದ ಬೀದಿಯಿಂದ ಅದನ್ನು ತೆಗೆದುಹಾಕಿದಂತಾಯಿತು. ಕನ್ನಡ ಮನೆಮಾತಾಗಿರದವರನ್ನು ಕನ್ನಡದೊಳಕ್ಕೆ ಕರೆದುಕೊಳ್ಳಲು ಉಪದೇಶಕ್ಕಿಂತ ಒಂದು ಒಳ್ಳೆಯ ಕತೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದನ್ನು ನಾವು ಮರೆತೆವು.

ಬಂದ ಮೇಲೆ ಏನಾಯಿತು?

ಎರಡನೆಯ ಭಾಗ 2022ರ ಡಿಸೆಂಬರ್ 16ರಂದು ಬಂದಾಗ ಕನ್ನಡದಲ್ಲೂ ಬಂತು. ಹದಿಮೂರು ವರ್ಷಗಳ ಕಾಯುವಿಕೆ. ಮೊದಲ ಚಿತ್ರದ ಹೊತ್ತಿಗೆ ಹತ್ತು ವರ್ಷದವನಾಗಿದ್ದವನು ಇಪ್ಪತ್ತಮೂರಾಗಿದ್ದ. ಗೋಡೆ ಬಿತ್ತು, ಸಂತೋಷ. ಆದರೆ ಅಷ್ಟರಲ್ಲಿ ಅಂಗಳವೇ ಮಾಯವಾಗಿತ್ತು. ಕಪಾಲಿ 2017ರಲ್ಲಿ ಮುಚ್ಚಿತು. ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ವಾಣಿಜ್ಯ ಸಂಕೀರ್ಣಗಳಾದವು. ಕನ್ನಡ ಆವೃತ್ತಿ ಇದ್ದರೆ ಸಾಲದು, ಆಟಗಳೂ ಇರಬೇಕು. ಅದೇ ವರ್ಷ ಮಾರ್ಚಿನಲ್ಲಿ ‘ಆರ್‌ಆರ್‌ಆರ್’ ಬಂದಾಗ ಕನ್ನಡದ ಆಟಗಳೇ ಸಿಗುತ್ತಿಲ್ಲವೆಂದು ಪ್ರೇಕ್ಷಕರು ಸಿಟ್ಟಾದದ್ದು ನೆನಪಿರಬಹುದು. ಇನ್ನು ಟಿಕೇಟಿನ ದರ. ರಾಜ್ಯ ಸರಕಾರ 2025ರ ಸೆಪ್ಟೆಂಬರಿನಲ್ಲಿ ಇನ್ನೂರು ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಭಾಷೆಯ ಬಾಗಿಲು ತೆರೆದುಕೊಂಡಿದೆ. ಬೆಲೆಯ ಬಾಗಿಲು ಹಾಗೆಯೇ ಇದೆ.

ಡಬ್ಬಿಂಗ್ ಬಂದರೆ ಕನ್ನಡ ಚಿತ್ರ ಸಾಯುತ್ತದೆ ಎಂಬ ಭಯವೂ ನಿಜವಾಗಲಿಲ್ಲ. ಉಪೇಂದ್ರ ರೋಬೋಟ್ ಆಗಿ ಬಂದ ‘ಹಾಲಿವುಡ್’ 2002ರದ್ದು, ಬೇಲಿಯ ಕಾಲದ್ದು. ಬೇಲಿ ಹೋದ ಮೇಲೆ, 2024ರ ಮಾರ್ಚಿನಲ್ಲಿ ‘ಬ್ಲಿಂಕ್’ ಬಂತು. ರೆಪ್ಪೆ ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಕಾಲದಲ್ಲಿ ಹಿಂದಕ್ಕೆ ಹೋಗಬಲ್ಲ ಹುಡುಗನ ಕತೆ. ಅದಕ್ಕೆ ಬೇಕಾಗಿದ್ದುದು ಕೋಟ್ಯಂತರ ಡಾಲರ್ ಅಲ್ಲ, ಒಂದು ಒಳ್ಳೆಯ ಯೋಚನೆ. ಅದೇ ಡಿಸೆಂಬರಿನಲ್ಲಿ ಉಪೇಂದ್ರರ ‘ಯುಐ’ ಬಂತು. ಹೊರಗಿನ ಬೆರಗನ್ನು ತನ್ನ ಭಾಷೆಯಲ್ಲಿ ಕೇಳಿ ಬೆಳೆದ ಮಗು ನಾಳೆ ತನ್ನದೇ ಬೆರಗನ್ನು ಕಟ್ಟಬಹುದು. ಕೇಳದೇ ಬೆಳೆದದ್ದು, ಬೆರಗೆಂದರೆ ಬೇರೆಯವರ ಭಾಷೆಯ ಸೊತ್ತು ಎಂದೇ ನಂಬಿಕೊಳ್ಳುತ್ತದೆ.

ಆದ್ದರಿಂದ ಚಿತ್ರೋದ್ಯಮದವರಲ್ಲೂ ಪ್ರೇಕ್ಷಕರಲ್ಲೂ ನಮ್ಮ ಕೇಳಿಕೆ ಸರಳ. ಮುಂದೆ ಇಂಥ ಚಿತ್ರ ಬರುವಾಗ ‘ಯಾವ ಮಾಲ್, ಯಾವ ಪರದೆ’ ಎಂದು ಕೇಳುವ ಮೊದಲು ‘ಕನ್ನಡದ ಆಟ ಎಷ್ಟು ಹೊತ್ತಿಗೆ’ ಎಂದು ಕೇಳೋಣ. ಡಬ್ಬಿಂಗ್ ಕೆಟ್ಟದಾಗಿದ್ದರೆ ಬೈಯೋಣ, ಒಳ್ಳೆಯ ಕನ್ನಡ ಬರೆಯಬಲ್ಲವರನ್ನು ಆ ಕೆಲಸಕ್ಕೆ ಕರೆಯಿರಿ ಎಂದು ಒತ್ತಾಯಿಸೋಣ. ನಮ್ಮ ಬೀದಿಗಳ ಮಕ್ಕಳು ಒಂದೇ ಕತೆಯನ್ನು ಒಂದೇ ಮಾತಿನಲ್ಲಿ ಕೇಳಿ, ಮರುದಿನ ಅದರ ಬಗ್ಗೆ ಒಟ್ಟಿಗೆ ಜಗಳವಾಡಲಿ. ಅಷ್ಟಾದರೆ ಕಾದದ್ದಕ್ಕೂ ಒಂದು ಅರ್ಥ ಬಂದೀತು.