ಮಣ್ಣೆತ್ತು ಮತ್ತು ಮರುಸೃಷ್ಟಿಯ ಬೊಂಬೆ

ಬಾಲ್ಯದ ಬೊಂಬೆಗಳ ನೂತನ ಪ್ರತಿಗಳನ್ನು ಪ್ರೌಢರು ಸಂಗ್ರಹಿಸುವ ಹವ್ಯಾಸವು ಈಗ ಲೋಕವ್ಯಾಪಿಯಾಗಿದೆ. ಅಮೆರಿಕೆಯ ಮ್ಯಾಟೆಲ್ ಸಂಸ್ಥೆಯು 1982ರಲ್ಲಿ ಹೊರತಂದ ಹೀ-ಮ್ಯಾನ್ ಎಂಬ ವೀರನ ಬೊಂಬೆಯನ್ನು 2020ರಲ್ಲಿ ಹಳೆಯ ಚಹರೆಯಲ್ಲಿಯೇ, ಹೆಚ್ಚಿನ ಕೀಲುಗಳೊಡನೆ, ಮತ್ತೆ ಮಾರುಕಟ್ಟೆಗೆ ತಂದಿತು. ಅಚ್ಚಿನಲ್ಲಿ ಹುಟ್ಟಿದುದು ಅಚ್ಚಿನಲ್ಲಿಯೇ ಮರುಹುಟ್ಟು ಪಡೆದರೆ ಆಕ್ಷೇಪಿಸುವುದೇನು?

ತುರ್ವಿಹಾಳವನ್ನೊಳಗೊಂಡ ರಾಯಚೂರು ಸೀಮೆಯ ಮಣ್ಣೆತ್ತಿಗೆ ಈ ನ್ಯಾಯವು ಸಲ್ಲದು. ಜ್ಯೇಷ್ಠದ ಅಮಾವಾಸ್ಯೆಯಂದು, ಮುಂಗಾರಿನ ಹೊಸ್ತಿಲಲ್ಲಿ, ಜೋಡೆತ್ತುಗಳನ್ನು ಮಣ್ಣಿನಲ್ಲಿ ಮಾಡಿ ಪೂಜಿಸುವುದು ಉತ್ತರ ಕರ್ನಾಟಕದ ವಾಡಿಕೆಯಷ್ಟೆ. ಎಳೆಯರ ಆಟವು ಎತ್ತು ಸಿದ್ಧವಾದ ಮೇಲೆ ತೊಡಗುವುದಲ್ಲ. ಮಣ್ಣು ಕಲಸುವಲ್ಲಿಯೇ ತೊಡಗುತ್ತದೆ. ಕೊಂಬು ಡೊಂಕಾದೀತು, ಹಿಣಿಲು ಒಂದು ಕಡೆಗೆ ವಾಲೀತು; ಅದು ಆ ಕೈಯ ಗುರುತು. ಈಚೆಗೆ ಪೇಟೆಯಲ್ಲಿ ಅಚ್ಚಿನಿಂದ ತೆಗೆದು ಬಣ್ಣ ಬಳಿದ ಎತ್ತುಗಳು ದೊರೆಯುತ್ತವೆ. ಇವನ್ನು ಗಾಜಿನ ಕಪಾಟಿನಲ್ಲಿರಿಸಿ ಸಂಪ್ರದಾಯವನ್ನು ರಕ್ಷಿಸಿದೆವೆಂದು ಬಗೆಯುವವರು ರಕ್ಷಿಸಿದುದು ಆಕಾರವನ್ನು ಮಾತ್ರ.

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಬೊಂಬೆಯ ಮಾತು ಬೇರೆ. ಹಗುರವಾದ ಮರ, ಹುಣಸೆಬೀಜದ ಅಂಟು, ಮೆರುಗಿನ ಬಣ್ಣ ಇವೆಲ್ಲವೂ ಚಿತ್ರಗಾರರ ವಂಶಪರಂಪರೆಯ ವಿದ್ಯೆ. ಅಲ್ಲಿ ಮಾಡುವವನೊಬ್ಬ, ಕೊಳ್ಳುವವನೊಬ್ಬ. ಸಂಗ್ರಾಹಕನ ಹಣದಿಂದ ಕುಲುಮೆಯಲ್ಲದಿದ್ದರೂ ಒಲೆಯಂತೂ ಉರಿಯುತ್ತದೆ. ಮಣ್ಣೆತ್ತಿನ ವಿಷಯದಲ್ಲಿಯಾದರೋ ಕೊಳ್ಳುವಿಕೆಯೇ ಮಾಡುವ ಕೈಯನ್ನು ನಿರುದ್ಯೋಗಿಯನ್ನಾಗಿಸುತ್ತದೆ.

ಆದುದರಿಂದ ಕಾಲೇಜಿನ ಜಾನಪದ ಸಂಗ್ರಹಕ್ಕೆ ಮಣ್ಣೆತ್ತನ್ನು ತರುವವರು ಮಕ್ಕಳು ಮಾಡಿದ ಹಸಿಮಣ್ಣಿನ ಜೋಡಿಯನ್ನೇ ತರತಕ್ಕದ್ದು. ಮಣ್ಣು ಎಲ್ಲಿಯದು, ಕಲಸಿದವರಾರು, ಮೊದಲು ತಿದ್ದಿದುದು ಕಾಲೋ ಕೊಂಬೋ ಎಂಬುದನ್ನು ಬರೆದಿಡತಕ್ಕದ್ದು. ಅದು ಬಿರುಕು ಬಿಟ್ಟರೆ ಬಿಡಲಿ; ಮರುವರ್ಷ ಅದೇ ಊರಿಗೆ ಹೋಗಬಹುದು.